ಹಲಗೆಯ ಮಗ

ತನ್ನ ಜ್ಞಾನತಂದೆಗೆ ಬೆನ್ನು ಎಂಬುದೊಂದು ಇದೆಯೆಂದು ಕೋನೋನನಿಗೆ ಆ ಬೆಳಗಿನವರೆಗೂ ಹೊಳೆದಿರಲಿಲ್ಲ. ಸ್ನಾನಗೃಹದ ಹಿಂದಿನ ಅಂಗಳದಲ್ಲಿ, ಸೌದೆ ರಾಶಿಯ ಪಕ್ಕ, ಗಾಡಿಯಿಂದ ಇಳಿಸಿದ ಚಿತ್ರದ ಹಲಗೆಗಳನ್ನು ಗೋಡೆಗೆ ಒರಗಿಸಿದ್ದರು. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು, ಕೂಸಿಗೆ ಜ್ಞಾನಸ್ನಾನ ಮಾಡಿಸಿ ಹೆಸರಿಡುವಾಗ ಅವನಿಗೆ ತಂದೆಯ ಸ್ಥಾನದಲ್ಲಿ ನಿಂತಿದ್ದ ಸಂತನ ಚಿತ್ರ, ಮುಖವನ್ನು ಗೋಡೆಯ ಕಡೆ ಮಾಡಿಕೊಂಡು ನಿಂತಿತ್ತು. ಹುಳ ಕೊರೆದ ತೂತುಗಳು, ಅಡ್ಡಕ್ಕೆ ಬಡಿದ ಪಟ್ಟಿಗಳು, ಒಂದು ಅಂಚಿನಲ್ಲಿ ತುಕ್ಕಿನ ಕಲೆ. ತಿರುಗಣಿ ಇದ್ದ ಜಾಗ ಅದು; ಯಾವುದೋ ಕಾಲದಲ್ಲಿ ಅದು ಯಾರ ಮನೆಯದೋ ಬಾಗಿಲಾಗಿತ್ತು. ಕೋನೋನ್ ಕೊಡಲಿಯನ್ನು ಕೆಳಗಿಟ್ಟು ಆ ಕಲೆಯ ಮೇಲೆ ಬೆರಳಾಡಿಸಿದ. ಬಾಗಿಲಾಗಿದ್ದರೆ ಯಾರ ಮನೆಯ ಬಾಗಿಲು? ಅದನ್ನು ರಾತ್ರಿ ಹಾಕಿಕೊಳ್ಳುತ್ತಿದ್ದವರು ಯಾರು? ಬಾಗಿಲನ್ನು ಕಿತ್ತು ಸಂತನನ್ನು ಬರೆಸಿದ ಮೇಲೆ ಆ ಮನೆಯವರು ಬಾಗಿಲಿಗೆ ಏನು ಮಾಡಿಕೊಂಡರು? ನಲವತ್ತು ದಾಟಿದ ಗಂಡಸು, ಊರ ಸ್ನಾನಗೃಹದ ಒಲೆ ಉರಿಸುವವನು, ತಂದೆಯನ್ನು ಸೌದೆಯ ಜೊತೆ ತಂದು ನಿಲ್ಲಿಸಿದ್ದಾರೆಂದರೆ ದುಃಖಪಡಬೇಕಿತ್ತು. ದುಃಖ ಬರಲಿಲ್ಲ. ಬಂದದ್ದು ಬರೀ ಕುತೂಹಲ, ಅದಕ್ಕಾಗಿ ಅವನಿಗೆ ನಾಚಿಕೆಯಾಯಿತು.

ಗಾಡಿಯ ಜೊತೆ ಬಂದಿದ್ದ ಅಧಿಕಾರಿಯ ಹೆಸರು ಮರಿಯಾನೋಸ್. ರಾಜಧಾನಿಯವನು, ಎಳೆ ವಯಸ್ಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಚಿತ್ರಗಳಿಗೆ ಕೈಮುಗಿಯಕೂಡದು, ಮರಕ್ಕೆ ಮುತ್ತಿಡಕೂಡದು, ಇಗರ್ಜಿಗಳಲ್ಲಿರುವ ಚಿತ್ರಗಳನ್ನೆಲ್ಲ ಇಳಿಸಬೇಕು ಎಂಬ ಚಕ್ರವರ್ತಿಯ ಅಪ್ಪಣೆಯನ್ನು ಚಳಿಗಾಲದಲ್ಲೇ ಚೌಕದಲ್ಲಿ ಓದಿಸಿದ್ದರು. ಎಲ್ಲರೂ ಕೇಳಿ, ಕೇಳದವರಂತೆ ಇದ್ದುಬಿಟ್ಟಿದ್ದರು. ಈಗ ದ್ರಾಕ್ಷಿ ಚಿಗುರುವ ಹೊತ್ತಿಗೆ ಈ ಹುಡುಗ ಸೈನಿಕರ ಸಮೇತ ಹಡಗಿನಿಂದ ಇಳಿದಿದ್ದ.

"ನೀನೇನಾ ಒಲೆಯವನು?" ಅಂದಿದ್ದ. "ಸಂಜೆಯೊಳಗೆ ಇವೆಲ್ಲ ಉರಿದು ಹೋಗಿರಬೇಕು. ನಾವೂ ಸಂಜೆ ಸ್ನಾನಕ್ಕೆ ಬರ್ತೀವಿ. ಬಯಲಲ್ಲಿ ಸುಟ್ಟರೆ ಹೆಂಗಸರೆಲ್ಲ ಸೇರಿ ಎದೆ ಬಡಕೊಳ್ಳೋದು, ಕಲ್ಲು ತೂರೋದು. ಇಲ್ಲಾದ್ರೆ ಜನಕ್ಕೆ ಬಿಸಿನೀರಾದರೂ ಆಯ್ತು."

"ಸ್ವಾಮಿ, ಆ ದೊಡ್ಡದು..." ಎಂದು ಕೋನೋನ್ ಬಾಯಿ ತೆಗೆದಿದ್ದ.

"ಆ ದೊಡ್ಡದು ಏನು?" ಹುಡುಗ ನಿಜಕ್ಕೂ ತಿಳಿದುಕೊಳ್ಳುವವನ ಹಾಗೆ ಕೇಳಿದ. ಮೂಗು ಒರೆಸಿಕೊಂಡು ಉತ್ತರಕ್ಕೆ ಕಾದ.

"ಚೆನ್ನಾಗಿ ಒಣಗಿದೆ. ಒಳ್ಳೇ ಉರಿ ಕೊಡತ್ತೆ," ಅಂದುಬಿಟ್ಟ ಕೋನೋನ್. ಅಧಿಕಾರಿ ತಲೆಯಾಡಿಸಿ ಹೋದ. ಅಂಗಳದ ಬಾಗಿಲಲ್ಲಿ ಒಬ್ಬ ಸೈನಿಕ ಉಳಿದ. ಬೇಯಿಸಿದ ಕಡಲೆಯನ್ನು ಬಾಯಿಗೆ ಎಸೆದುಕೊಳ್ಳುತ್ತ, ಸಿಪ್ಪೆ ಉಗಿಯುತ್ತ, ಬಿಸಿಲು ಕಾಯಿಸಿಕೊಳ್ಳುತ್ತ ಕೂತ. ಒಳ್ಳೇ ಉರಿ ಕೊಡತ್ತೆ ಅಂದೆನಲ್ಲ, ಯಾರು ಕೇಳಿದ್ದರು ಅದನ್ನು, ಎಂದು ಕೋನೋನ್ ತನ್ನನ್ನೇ ಕೇಳಿಕೊಂಡ.

ಚಿಕ್ಕ ಹಲಗೆಗಳಿಂದ ಶುರುಮಾಡಿದ. ಅವು ಬೇರೆಯವರ ಸಂತರು, ಬೇರೆ ಬೀದಿಯವರ ಹರಕೆಗಳು; ಒಲೆಯ ಬಾಯಿಗೆ ಒಂದೊಂದಾಗಿ ಹಾಕಿದ. ಬಣ್ಣ ಮೊದಲು ಉಬ್ಬುತ್ತದೆ, ಆಮೇಲೆ ಸಿಡಿಯುತ್ತದೆ, ನೀಲಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ ಎಂಬುದನ್ನು ಕೂಡ ಗಮನಿಸಿದ. ಇಷ್ಟೊಂದು ಸಲೀಸಾಗಿ ಆಗುತ್ತಿದೆಯಲ್ಲ ಎಂದು ಒಳಗೇ ಕಸಿವಿಸಿ. ಊರಿನಲ್ಲಿ ಯಾರಾದರೂ ಸತ್ತಾಗಲೂ ಅವನಿಗೆ ಹೀಗೇ. ಅವನ ಅವ್ವನ ಶವದ ಪಕ್ಕದಲ್ಲಿ ಕೂತಿದ್ದಾಗ ಅವಳ ಕಿವಿಯ ತೂತು ಎಷ್ಟು ದೊಡ್ಡದಾಗಿತ್ತು ಎಂದು ನೋಡುತ್ತ ಕೂತಿದ್ದ. ಆ ಅವ್ವನಿಗೆ ಅವನಿಗಿಂತ ಮುಂಚೆ ಹುಟ್ಟಿದ್ದು ಒಂದೂ ಉಳಿದಿರಲಿಲ್ಲ. ಮನುಷ್ಯರನ್ನು ಜ್ಞಾನತಂದೆ ಮಾಡಿ ಮಾಡಿ ಸಾಕಾಗಿ, ಕೊನೆಗೆ ಯಾರೋ ಹೇಳಿದರೆಂದು, ಕೋನೋನನ ಜ್ಞಾನಸ್ನಾನಕ್ಕೆ ಸಂತ ಟ್ರಿಫೋನನ ಚಿತ್ರವನ್ನೇ ತಂದೆಯಾಗಿ ನಿಲ್ಲಿಸಿದಳು. ಸಹಾಯಕ ಪಾದ್ರಿ ಜೋಟಿಕೋಸ್ ಕೂಸನ್ನು ಎತ್ತಿಕೊಂಡು ಅದರ ಅಂಗೈಯನ್ನು ಹಲಗೆಗೆ ಒತ್ತಿಸಿದ್ದನಂತೆ. ಕೂಸು ಬದುಕಿತು. ಬದುಕಿದ್ದನ್ನು ನೋಡಿ ಮಾರನೆಯ ವರ್ಷ ಪಕ್ಕದ ಮನೆಯವರು ತಮ್ಮ ಹೆಣ್ಣುಕೂಸಿಗೂ ಅದೇ ಸಂತನನ್ನು ತಂದೆ ಮಾಡಿದರು. ಅವಳೇ ಅಂಥೂಸಾ. ಈಸ್ಟರ್ ಹಬ್ಬಕ್ಕೆ ಬೇರೆ ಮಕ್ಕಳಿಗೆಲ್ಲ ಜ್ಞಾನತಂದೆಯರಿಂದ ಮೇಣದಬತ್ತಿ, ಹೊಸ ಅಂಗಿ ಬರುತ್ತಿತ್ತು. ಕೋನೋನನ ಅವ್ವ ತಾನೇ ಬತ್ತಿ ಕೊಂಡು, ಹಲಗೆಯ ಬುಡದಲ್ಲಿ ಒಂದು ಗಳಿಗೆ ಇಟ್ಟು, ಎತ್ತಿ ಅವನ ಕೈಗೆ ಕೊಡುತ್ತಿದ್ದಳು: "ನೋಡು, ಅಪ್ಪ ಕೊಟ್ಟದ್ದು." ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಉಪಕಾರ ನೆನೆಯುವವನ ಹಾಗೆ ತಲೆಯೆತ್ತಿ ನೋಡುತ್ತಿದ್ದ. ಬೀದಿಯ ಹುಡುಗರು ಹಲಗೆಮಗ ಎಂದು ಕರೆಯುತ್ತಿದ್ದರು.

"ಕೋನೋನಣ್ಣಾ!" ಒಲೆಯ ಪಕ್ಕದ ಮಣ್ಣಿನ ಕೊಳವೆಯಿಂದ ದನಿ ಬಂತು. ಆ ಕೊಳವೆ ಗೋಡೆಯೊಳಗೆ ಹಾದು ಮೇಲಿನ ಬಿಸಿಕೋಣೆಗೆ ಹೋಗುತ್ತಿತ್ತು. ಬೆಳಿಗ್ಗೆ ಹೆಂಗಸರ ಸ್ನಾನ. ಅವರ ಬಟ್ಟೆ ಕಾಯುವುದು, ಬೆನ್ನು ಉಜ್ಜುವುದು ಅಂಥೂಸಾಳ ಕೆಲಸ. ಒಂದೇ ಕಟ್ಟಡದಲ್ಲಿ ಮೇಲೆ ಅವಳು, ಕೆಳಗೆ ಇವನು, ವರ್ಷಗಟ್ಟಲೆ ಈ ಕೊಳವೆಯಲ್ಲೇ ಮಾತು. "ಅದೇನು ತಂದು ಸುರಿದಿದ್ದಾರಣ್ಣಾ ಅಲ್ಲಿ? ಇಲ್ಲಿ ಹೆಂಗಸರೆಲ್ಲ ಗುಸುಗುಸು ಅಂತಿದ್ದಾರೆ."

"ಹಲಗೆಗಳು."

"ಅವನೂ ಇದ್ದಾನಾ?" ಅಂದಳು.

"ಇದ್ದಾನೆ."

ಮೇಲೆ ಒದ್ದೆ ಬಟ್ಟೆಯನ್ನು ಯಾರೋ ಕಲ್ಲಿಗೆ ಬಡಿದ ಸದ್ದಾಯಿತು. "ನೀರು ಸಾಲದು. ಇನ್ನೊಂದಿಷ್ಟು ಉರಿ ಹಾಕು," ಅಂದಳು ಅಂಥೂಸಾ.

ಅವನು ಉರಿ ಹಾಕಿದ. ಹಾಕುತ್ತ ಹಾಕುತ್ತ ಒಂದು ಯೋಚನೆ ಬಂದು ಕೈ ಅಲ್ಲೇ ನಿಂತಿತು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವಾಯಿತು. ಅಂಥೂಸಾಳಿಗೆ ಹದಿನೇಳು ಇದ್ದಾಗ ಇವನ ಅವ್ವ ಹೆಣ್ಣು ಕೇಳಲು ಹೋಗಿದ್ದಳು. ಎರಡೂ ಮನೆಯವರು ಒಪ್ಪಿ, ಇನ್ನೇನು ಎನ್ನುವಾಗ ಪಾದ್ರಿ ಸೆರ್ಗಿಯೋಸ್ ಅಡ್ಡ ಬಂದಿದ್ದ. ಇಬ್ಬರಿಗೂ ಒಬ್ಬನೇ ಜ್ಞಾನತಂದೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು, ಇದು ಮಹಾಪಾಪ ಅಂದಿದ್ದ. ಆಮೇಲೆ ಅವಳನ್ನು ಒಬ್ಬ ಮೀನುಗಾರನಿಗೆ ಕೊಟ್ಟರು, ಅವನು ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಕೋನೋನ್ ಯಾರನ್ನೂ ಕಟ್ಟಿಕೊಳ್ಳಲಿಲ್ಲ. ಅವಳು ಅಣ್ಣಾ ಎಂದು ಕರೆಯುತ್ತಾಳೆ, ಇವನು ಓಗೊಡುತ್ತಾನೆ. ಈಗ ಚಕ್ರವರ್ತಿಯೇ ಮರ ಅಂದರೆ ಮರ ಎನ್ನುತ್ತಿದ್ದಾನೆ. ಮರ ಯಾರಿಗೆ ತಂದೆಯಾಗಲು ಸಾಧ್ಯ?

ಸೈನಿಕನಿಗೆ ಎಣ್ಣೆ ತರಬೇಕು ಎಂದು ಸುಳ್ಳು ಹೇಳಿ ಅವನು ಇಗರ್ಜಿಗೆ ನಡೆದ. ಒಳಗೆ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಹಲಗೆ ತೂಗುಹಾಕಿದ್ದ ಜಾಗದಲ್ಲಿ ಹೊಗೆ ಹಿಡಿಯದ ಬಿಳಿಯ ಚೌಕವೊಂದು ಉಳಿದಿತ್ತು. ಉಳಿದ ಗೋಡೆಗಿಂತ ಅದೇ ಹೆಚ್ಚು ಕಣ್ಣಿಗೆ ಬೀಳುತ್ತಿತ್ತು. ಪಾದ್ರಿ ಸೆರ್ಗಿಯೋಸ್ ಏಣಿಯ ಬುಡದಲ್ಲಿ ನಿಂತು ಆಲಿವ್ ಕಾಯಿ ಚೀಪುತ್ತಿದ್ದ.

"ಏನಯ್ಯ ಕೋನೋನ, ಒಲೆ ಬಿಟ್ಟು ಬಂದುಬಿಟ್ಟೆ?"

"ಒಂದು ಮಾತು ಕೇಳಬೇಕಿತ್ತು ಸ್ವಾಮಿ."

"ಹಲಗೆ ವಿಷಯ ಆದ್ರೆ ಬೇಡ. ಹಲಗೆ ಅಂದ್ರೆ ಹಲಗೆ, ಅಷ್ಟೆ. ಅಧಿಕಾರಿ ಎದುರಿಗೆ ಬೈಬಲ್ ಮುಟ್ಟಿ ಹೇಳಿದ್ದೂ ಆಯ್ತು."

"ಸರಿ ಸ್ವಾಮಿ, ಹಲಗೆ ಅಂದ್ರೆ ಹಲಗೆ. ಹಾಗಾದ್ರೆ ನನ್ನ ಜ್ಞಾನತಂದೆ ಯಾರು?"

ಪಾದ್ರಿ ಸುಣ್ಣದವರ ಕಡೆ ನೋಡಿದ. "ಮೆಲ್ಲಗೆ ಮಾತಾಡೋ."

"ಅಂಥೂಸಾಗೂ ನನಗೂ ಒಬ್ಬನೇ ತಂದೆ, ಮದುವೆ ಕೂಡದು ಅಂತ ನೀವೇ ಅಲ್ವಾ ಅಂದಿದ್ದು? ಆ ತಂದೆ ಹಲಗೆ ಆದ ಮೇಲೆ..."

"ಅಯ್ಯೋ ಮಾರಾಯ, ಅದನ್ನ ಈಗ ಯಾಕೆ ಕೆದಕ್ತೀಯ? ಹಲ್ಲುದುರೋ ಕಾಲದಲ್ಲಿ!"

"ಇನ್ನೂ ಉದುರಿಲ್ಲ ಸ್ವಾಮಿ."

ಏಣಿಯ ಮೇಲಿದ್ದವನು ಕಿಸಕ್ಕೆಂದ. ಕೋನೋನನ ಕಿವಿ ಬಿಸಿಯಾಯಿತು. ಪಾದ್ರಿ ಆಲಿವ್ ಬೀಜವನ್ನು ಅಂಗೈಗೆ ಉಗಿದುಕೊಂಡು ಅದನ್ನೇ ದಿಟ್ಟಿಸಿದ, ಅಲ್ಲಿ ಏನೋ ಉಪಾಯ ಕಂಡವನ ಹಾಗೆ ಮುಖ ಅರಳಿತು. "ನೋಡು, ಹಲಗೆಗೆ ಕೈ ಇದೆಯಾ? ಇಲ್ಲ. ಕೂಸನ್ನ ಎತ್ತಿಕೊಂಡಿದ್ದು ಯಾರು? ಜೋಟಿಕೋಸು. ಅಂದ ಮೇಲೆ ನಿನ್ನ ಜ್ಞಾನತಂದೆ ಅವನೇ. ಒಳ್ಳೇ ಮನುಷ್ಯ, ಸತ್ತು ಸ್ವರ್ಗದಲ್ಲಿದ್ದಾನೆ. ಮುಗೀತು."

"ಅಂಥೂಸಾನ ಎತ್ತಿಕೊಂಡಿದ್ದು ಯಾರು ಸ್ವಾಮಿ?"

"ಅವನೇ..." ಪಾದ್ರಿ ನಿಲ್ಲಿಸಿದ. "ಥತ್! ನೀನು ಕೇಳಿಲ್ಲ, ನಾನು ಹೇಳಿಲ್ಲ. ಹೋಗಯ್ಯ, ಒಲೆ ಆರಿಹೋದೀತು."

ಹೊರಗೆ ಬಂದಾಗ ಬಂದರಿನ ಕಡೆಯಿಂದ ಉಪ್ಪುಮೀನಿನ ವಾಸನೆ ಬರುತ್ತಿತ್ತು. ಉಪವಾಸದ ದಿನಗಳು, ಹೊಟ್ಟೆ ಚುರುಗುಟ್ಟಿತು. ನಾನು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಕೋನೋನ್ ದಾರಿಯುದ್ದಕ್ಕೂ ಯಾರ ಜೊತೆಗೋ ಜಗಳವಾಡುವವನಂತೆ ನಡೆದ. ಜೋಟಿಕೋಸನ ವಿಷಯ ಪಾದ್ರಿಗೇ ಬೇಡವಾಗಿದೆ, ಅದನ್ನು ಎತ್ತುವವರು ಯಾರೂ ಇಲ್ಲ. ಉಳಿದದ್ದು ಈ ಹಲಗೆ ಒಂದೇ. ಅದು ಮರವೇ ಆಗಿದ್ದರೆ, ಸಂಜೆ ಉರಿದು ಹೋದರೆ, ಆಮೇಲೆ ಅಂಥೂಸಾಳಿಗೂ ಅವನಿಗೂ ನಡುವೆ ಏನೂ ಇಲ್ಲ. ಹಾಗೆ ಅಂದುಕೊಂಡ ಕೂಡಲೇ ಎದೆಯಲ್ಲಿ ಏನೋ ಹಗುರವಾಗಿ, ಆ ಹಗುರಕ್ಕೇ ಭಯವಾಯಿತು. ಇದು ಮರವಾಗಿರಲಿ ಎಂದು ಅವನು ದೇವರನ್ನು ಬೇಡಿಕೊಂಡ. ಬೇಡಿಕೊಳ್ಳುವಾಗ ಕಣ್ಣೆದುರು ಬಂದದ್ದು ಅದೇ ಹಲಗೆ.

ಅಂಗಳಕ್ಕೆ ಬಂದು ಕೊಳವೆಗೆ ಬಾಯಿಟ್ಟು, "ಅಂಥೂಸಾ, ಹೆಂಗಸರ ಸ್ನಾನ ಮುಗಿದ ಮೇಲೆ ಒಂದು ಗಳಿಗೆ ಕೆಳಗೆ ಬರ್ತೀಯಾ?" ಎಂದ. ಅವಳು ಒಲೆಯ ಕೋಣೆಗೆ ಯಾವತ್ತೂ ಇಳಿದವಳಲ್ಲ. ಅವನು ಎತ್ತರದ ಹಲಗೆಯನ್ನು ಅಪ್ಪಿಕೊಂಡು ಒಳಗೆ ತಂದು, ಬೆಳಕು ಬೀಳುವ ಕಡೆ ಮುಖ ಮಾಡಿ ನಿಲ್ಲಿಸಿದ.

ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ಅವನು ಅದನ್ನು ನೋಡಿಯೇ ಇರಲಿಲ್ಲ. ಇಗರ್ಜಿಯಲ್ಲಿ ಅದು ಎತ್ತರದಲ್ಲಿತ್ತು, ದೀಪದ ಮಸಿಯ ಹಿಂದೆ. ಜನ ಪಾದಕ್ಕೆ ಮುತ್ತಿಟ್ಟು ಸರಿದುಕೊಳ್ಳುತ್ತಿದ್ದರು. ತಂದೆ ಎಂದಮೇಲೆ ಗಡ್ಡವಿದೆ ಎಂದೇ ಅವನು ತಿಳಿದಿದ್ದ. ಗಡ್ಡ ಇರಲಿಲ್ಲ. ಕೆನ್ನೆ ಇನ್ನೂ ತುಂಬದ ಹುಡುಗ, ತುಟಿ ಅರೆ ತೆರೆದು, ಯಾರೋ ಕರೆದಾಗ ತಿರುಗಿದವನ ಹಾಗೆ ನಿಂತಿದ್ದ. ನನ್ನ ಮಗನಾಗುವ ವಯಸ್ಸು ಇವನಿಗೆ, ಇವನನ್ನು ನೆನೆದು ನಾನು ನಿದ್ದೆಗೆಟ್ಟಿದ್ದೆ ಎಂದು ಕೋನೋನನಿಗೆ ನಗು ಬಂತು. ಪಾದದ ಬಳಿ ಏನೋ ಬೆಳ್ಳಗೆ ಇತ್ತು. ಉಗುಳು ಹಚ್ಚಿ ಒರೆಸಿದಾಗ ಒಂದು ಕೊಕ್ಕು, ಅದರ ಹಿಂದೆ ಉದ್ದ ಕತ್ತಿನ ಗೆರೆ. ಬಾತು! ಸಂತ ಟ್ರಿಫೋನ್ ಬಾತು ಕಾಯುವ ಹುಡುಗನಾಗಿದ್ದ ಎಂದು ಕತೆ ಕೇಳಿದ್ದ. ಚಿತ್ರದಲ್ಲಿ ಬಾತು ಇದೆಯೆಂದು ಮಾತ್ರ ಯಾರೂ ಹೇಳಿರಲಿಲ್ಲ. ತಲೆಮಾರುಗಳಿಂದ ಮುತ್ತಿಟ್ಟು ಮುತ್ತಿಟ್ಟು ಅದನ್ನು ಅಳಿಸಿಬಿಟ್ಟಿದ್ದರು. ಅಂಗಿಯ ಅಂಚಿನಲ್ಲಿ, ಕೈಯಲ್ಲಿ, ಎಲ್ಲೆಲ್ಲೂ ಕೆರೆದ ಗುರುತುಗಳು: ಜ್ವರಕ್ಕೆ, ಹೆರಿಗೆಗೆ, ಕಣ್ಣುನೋವಿಗೆ ಬಣ್ಣ ಕೆರೆದು ದ್ರಾಕ್ಷಾರಸದಲ್ಲಿ ಕದಡಿ ಕುಡಿಯುವುದು ಊರಿನ ರೂಢಿ. ಅವನ ಅವ್ವ ಅವನಿಗೂ ಕುಡಿಸಿದ್ದಳು. ಅಂದರೆ ಇವನ ಒಂದು ಚೂರು ನನ್ನ ಹೊಟ್ಟೆಯಲ್ಲಿದೆ ಎಂದುಕೊಂಡ. ಆ ಚೂರೂ ಬರೀ ಸುಣ್ಣಬಣ್ಣವೇ? ಹಾಗಾದರೆ ಜ್ವರ ಯಾಕೆ ಬಿಟ್ಟಿತು?

ಮುಖದಲ್ಲಿ ಕಣ್ಣುಗಳಿರಲಿಲ್ಲ. ಎರಡೂ ಕಡೆ ಬರೀ ಗುಳಿ. ಎಡಗಣ್ಣಿನ ಗುಳಿ ಆಳವಾಗಿತ್ತು. ಅದನ್ನು ನೋಡಿದ್ದೇ ಅವನ ಬೆನ್ನಿನಲ್ಲಿ ಹಳೆಯ ಚಳಿ ಎದ್ದಿತು. ಪಾದ್ರಿ ಕೂಡದು ಅಂದ ವಾರವೇ, ದ್ರಾಕ್ಷಿ ಬಳ್ಳಿ ಕತ್ತರಿಸುವ ಹಬ್ಬದ ದಿನ, ಅಂಥೂಸಾ ಗುಟ್ಟಾಗಿ ಹೇಳಿ ಕಳಿಸಿದ್ದಳು, ಸಂಜೆ ಬಂದರಿನ ಅಂಜೂರದ ಮರದ ಕೆಳಗೆ ಬಾ, ಹಡಗು ಹತ್ತಿ ಹೋಗಿಬಿಡೋಣ ಎಂದು. ಅವನು ಹೊರಟಿದ್ದ. ರೊಟ್ಟಿಯ ಗಂಟನ್ನೂ ಕಟ್ಟಿಕೊಂಡಿದ್ದ. ದಾರಿಯಲ್ಲಿ ಇಗರ್ಜಿ. ತಂದೆಗೆ ಒಂದು ಮಾತು ಹೇಳಿ ಹೋಗೋಣ ಎಂದು ಒಳಗೆ ಹೋದ. ತಲೆಯೆತ್ತಿದರೆ, ನಿನ್ನೆಯವರೆಗೆ ಇದ್ದ ಎಡಗಣ್ಣು ಇಲ್ಲ. ಆಗಷ್ಟೇ ಆದ ಗಾಯದ ಹಾಗೆ ಬಿಳಿ ಸುಣ್ಣ ಕಾಣುತ್ತಿತ್ತು. ನಿನ್ನ ಮುಖ ನೋಡಲಾರೆ ಎಂದು ತಂದೆಯೇ ಕಣ್ಣು ಕಿತ್ತುಕೊಂಡಿದ್ದಾನೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಓಡುತ್ತ ಮನೆಗೆ ಬಂದು ಕಂಬಳಿ ಹೊದ್ದು ಮಲಗಿದ. ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ.

"ಇಷ್ಟೊಂದು ಸೆಕೆಯಲ್ಲಿ ಹೇಗಿರ್ತೀಯಣ್ಣಾ ನೀನು?" ಅಂಥೂಸಾ ಮೆಟ್ಟಿಲ ಮೇಲೆ ನಿಂತಿದ್ದಳು. ತೋಳು ಮಡಚಿದ್ದಳು, ನೀರಿನಲ್ಲಿ ನೆನೆದು ನೆನೆದು ಬೆರಳುಗಳು ಸುಕ್ಕುಗಟ್ಟಿದ್ದವು. ಅಂಗಳದ ಬಾಗಿಲಿನಿಂದ ಸೈನಿಕ ಒಮ್ಮೆ ಇಣುಕಿ ಮತ್ತೆ ಕಡಲೆಗೆ ತಿರುಗಿದ.

ಕೋನೋನ್ ಕಲಿತುಕೊಂಡಿದ್ದನ್ನು ಒಪ್ಪಿಸುವವನಂತೆ ಹೇಳಿದ. "ಪಾದ್ರಿಯನ್ನ ಕೇಳಿ ಬಂದೆ. ಹಲಗೆ ಅಂದ್ರೆ ಹಲಗೆ ಅಂತ ಅವರ ಬಾಯಿಂದಲೇ ಬಂತು. ಸಂಜೆ ಇದು ಉರಿದು ಹೋಗತ್ತೆ. ಆಮೇಲೆ ನೀನು ನನಗೆ ತಂಗಿ ಅಲ್ಲ. ನಾನು ಅಣ್ಣ ಅಲ್ಲ. ನಮ್ಮನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

ಅವಳು ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಎಷ್ಟು ಚಿಕ್ಕವನು!" ಅಂದಳು. ಆಮೇಲೆ ಎಡಗಣ್ಣಿನ ಗುಳಿಯಲ್ಲಿ ಬೆರಳಿಟ್ಟು, "ಇದು ನಂದು," ಅಂದಳು.

"ಏನು ನಿಂದು?"

"ಈ ಕಣ್ಣು. ಬಲಗಣ್ಣನ್ನ ಆಮೇಲೆ ಬೇರೆಯವರು ಔಷಧಿಗೆ ಕೆರಕೊಂಡ್ರು. ಇದನ್ನ ತೆಗೆದೋಳು ನಾನು, ದೀಪ ಹಚ್ಚೋ ಏಣಿ ಹತ್ತಿ, ಮುಡಿಯ ಸೂಜಿಯಿಂದ. ಬಂದರಿಗೆ ಬಾ ಅಂತ ನಿನಗೆ ಹೇಳಿ ಕಳಿಸಿದ್ನಲ್ಲ, ಅವತ್ತು ಮಧ್ಯಾಹ್ನ. ನಾವು ಹೋಗೋದು ಅಪ್ಪ ನೋಡದೇ ಇರಲಿ ಅಂತ. ಒಂದು ಮುಗಿಯೋಷ್ಟರಲ್ಲಿ ಯಾರೋ ಬಂದುಬಿಟ್ಟರು. ಇನ್ನೊಂದು ಕಣ್ಣು ಹೇಗೂ ಆ ಕಡೆ ನೋಡ್ತಿದೆ, ಬಂದರು ಈ ಕಡೆ ಇದೆ ಅಂತ ಸಮಾಧಾನ ಮಾಡಿಕೊಂಡೆ." ಅವಳು ನಕ್ಕಳು. "ಕತ್ತಲಾಗೋವರೆಗೂ ಕಾದೆ. ನೀನು ಬರಲಿಲ್ಲ."

ಕೋನೋನ್ ಸೌದೆಯ ಮೇಲೆ ಕೂತ. ಹೇಳಬೇಕೋ ಬೇಡವೋ ಎಂದು ಯೋಚಿಸುವ ಮುಂಚೆಯೇ ಬಾಯಿ ಹೇಳುತ್ತಿತ್ತು: ಹೊರಟಿದ್ದು, ರೊಟ್ಟಿಯ ಗಂಟು, ಅಪ್ಪಣೆ ಕೇಳಲು ಒಳಗೆ ಹೋಗಿದ್ದು, ಕಣ್ಣು ಕಂಡದ್ದು, ಅಲ್ಲ, ಕಣ್ಣು ಕಾಣದ್ದು. ಅಂಥೂಸಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಅವನು ಎದ್ದ. ಅವಳು ನಗುತ್ತಿದ್ದಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಅವನೂ ನಗಲು ನೋಡಿದ. ಆಗ ಅವಳ ನಗು ನಿಂತುಹೋಯಿತು.

"ಅಪ್ಪಣೆ ಕೇಳೋಕೆ ಹೋದೆಯಾ? ನನ್ನನ್ನ ಅಲ್ಲಿ ಗಾಳಿಯಲ್ಲಿ ನಿಲ್ಲಿಸಿ, ಅಪ್ಪಣೆ ಕೇಳೋಕೆ?"

"ಅಂಥೂಸಾ..."

"ಆಗ ಪಾದ್ರಿ ಕೂಡದು ಅಂದ, ಬಿಟ್ಟೆ. ಈ ಗುಳಿ ಕೂಡದು ಅಂತು, ಬಿಟ್ಟೆ. ಈಗ ಚಕ್ರವರ್ತಿ ಆಗಬಹುದು ಅಂದ, ಅದಕ್ಕೆ ಕೆಳಗೆ ಬಾ ಅಂತೀಯ. ನಾಳೆ ಇನ್ನೊಬ್ಬ ಚಕ್ರವರ್ತಿ ಬಂದು, ಇಲ್ಲ, ಹಲಗೆ ಸಂತನೇ ಅಂದ್ರೆ ಏನು ಮಾಡ್ತೀಯ? ಗಂಟುಮೂಟೆ ಕಟ್ಟಿಸಿ, ಹೋಗಮ್ಮ ತಂಗಿ ಅಂತ ಕಳಿಸ್ತೀಯಾ?"

"ಹಾಗಲ್ಲ ಕಣೇ."

"ಇವನು ಹಲಗೆ ಆದ ಮೇಲೆ ನನ್ನನ್ನ ದಾರೀಲಿ ಹೋಗೋನೂ ಕೇಳಬಹುದು. ಅದರಲ್ಲಿ ನಿಂದೇನು ದೊಡ್ಡಸ್ತಿಕೆ? ಇವನು ಅಪ್ಪ ಅಂತ ಗೊತ್ತಿದ್ದೂ ಕೇಳೋ ಹಾಗಿದ್ರೆ ಕೇಳು. ಇನ್ನೂ ಸುಟ್ಟಿಲ್ವಲ್ಲ, ಇಲ್ಲೇ ಇದ್ದಾನೆ. ಕೇಳು ಈಗ." ಅವಳು ಎದ್ದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಇಲ್ಲದಿದ್ರೆ ನಾನು ಮೇಲೆ ಹೋಗ್ತೀನಿ. ನೀನು ಅಣ್ಣನಾಗೇ ಇರು, ನನಗೇನೂ ಬೇಜಾರಿಲ್ಲ."

ಕೋನೋನ್ ಹಲಗೆಯನ್ನು ನೋಡಿದ. ಅಭ್ಯಾಸಬಲದಿಂದ ನೋಡಿದ್ದು, ಏನು ಮಾಡಲಿ ಎಂದು ಕೇಳುವುದಕ್ಕೆ. ಹಾಗೆ ನೋಡಿದೆನೆಂದು ಆಮೇಲೆ ತಿಳಿಯಿತು. ಹುಡುಗ ತುಟಿ ತೆರೆದು ನಿಂತಿದ್ದ. ಅವನು ಬೇಡ ಎನ್ನುತ್ತಿದ್ದಾನೆಯೇ, ಆಗಲಿ ಎನ್ನುತ್ತಿದ್ದಾನೆಯೇ? ಇಷ್ಟು ವರ್ಷ ಆ ತುಟಿಯಿಂದ ಬೇಡ ಎಂಬ ಮಾತೇ ಬರುತ್ತಿದೆ ಎಂದು ಕೇಳಿಸಿಕೊಂಡಿದ್ದೆ, ಯಾರು ಹೇಳಿದ್ದರು ಹಾಗೆ ಕೇಳಿಸಿಕೊಳ್ಳಲು? ಮರವಾಗಿದ್ದರೆ ಎಷ್ಟು ಸುಲಭವಿತ್ತು. ಇದು ಪಾಪವೇ, ಪಾಪವಾದರೆ ಎಷ್ಟು ದೊಡ್ಡದು, ಪಾಪ ಮಾಡಿದ ಮೇಲೆ ಮನುಷ್ಯನಿಗೆ ಒಳಗೆ ಹೇಗನ್ನಿಸುತ್ತದೆ? ಒಲೆಯ ಸೆಕೆಗೋ ಭಯಕ್ಕೋ ಕುತ್ತಿಗೆ ಬೆವೆತಿತ್ತು. ಅಂಥೂಸಾ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

"ಅವನು ನಮ್ಮಪ್ಪ," ಅಂದ ಕೋನೋನ್. ದನಿ ತನ್ನದಲ್ಲ ಎನಿಸಿತು. "ಇಬ್ಬರಿಗೂ. ಗೊತ್ತು ನನಗೆ. ನನ್ನ ಮನೆಗೆ ಬಂದುಬಿಡು ಅಂಥೂಸಾ."

ಅವಳು ತಿರುಗಲಿಲ್ಲ. ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದಳು. "ಬರ್ತೀನಿ," ಅಂದಳು. ಆಮೇಲೆ ಮಾಮೂಲಿ ದನಿಯಲ್ಲಿ, "ಈಸ್ಟರ್ ಆದ ಮೇಲೆ. ಉಪವಾಸದಲ್ಲಿ ಮದುವೆ ಮಾಡಲ್ಲ. ಆ ಸೆರ್ಗಿಯೋಸನೇ ಮಾಡಿಸ್ತಾನೆ, ನೋಡ್ತಿರು. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಆ ನೆಗಡಿ ಹುಡುಗನ ಎದುರಿಗೆ ಬಾಯಿ ಬಿಡಬೇಕಾಗತ್ತೆ," ಅಂದಳು.

ಕೋನೋನನಿಗೆ ಸಂತೋಷವಾಗಿತ್ತು, ಮೈಯೆಲ್ಲ ಜುಮ್ಮೆನ್ನುವಷ್ಟು. ಅದೇ ಹೊತ್ತಿಗೆ ಮೇಲೆ ಗಂಡಸರ ಮಾತು, ನೀರು ಸುರಿದುಕೊಳ್ಳುವ ಸದ್ದು ಕೇಳತೊಡಗಿತು. ಸೈನಿಕ ಅಂಗೈ ಕೊಡವಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತ.

"ಏನಯ್ಯ, ಆ ದೊಡ್ಡದು ಇನ್ನೂ ಹಾಗೇ ಇದೆಯಲ್ಲ! ನಮ್ಮ ಒಡೆಯರು ಆಗಲೇ ಸ್ನಾನಕ್ಕೆ ಇಳಿದಾಯ್ತು. ಹಾಕು ಹಾಕು, ನಾನು ನೋಡಿಯೇ ಹೋಗಬೇಕು."

"ಹಾಕ್ತೀನಿ," ಅಂದ ಕೋನೋನ್. ಹಲಗೆಯ ಕಡೆ ಹೋದವನಿಗೆ ಕೈ ಮುಂದೆ ಹೋಗಲಿಲ್ಲ. ಬೆಳಿಗ್ಗೆಯಿಂದ ಅವನಿಗೆ ಇದು ಮರವಾಗಿರಬೇಕಿತ್ತು. ಮರವಾಗಿದ್ದರೆ ಮಾತ್ರ ಅಂಥೂಸಾ ಸಿಗುತ್ತಿದ್ದಳು. ಈಗ ಅವಳು ಬರುತ್ತೇನೆ ಅಂದುಬಿಟ್ಟಿದ್ದಳು. ಇದು ಏನಾಗಿದ್ದರೂ ಅವನಿಗೆ ಏನೂ ಆಗಬೇಕಾಗಿರಲಿಲ್ಲ. ಏನೂ ಆಗಬೇಕಿಲ್ಲದ ಕಣ್ಣಿನಿಂದ ನೋಡಿದಾಗ ಎದುರಿಗೆ ಇದ್ದದ್ದು ಅಪ್ಪ. ಹುಡುಗನಂಥ ಅಪ್ಪ, ಕೂಸಿನ ಅಂಗೈಯನ್ನು ಒತ್ತಿಸಿಕೊಂಡವನು, ಹೊಸ ಅಂಗಿ ಕೊಡಲಾರದವನು, ಬೇಡ ಎಂದು ಒಂದು ಸಲವೂ ಅನ್ನದವನು. ಬೂದಿಗುಂಡಿಯಲ್ಲಿ ಬಚ್ಚಿಡಬಹುದೇ? ಮೇಲೆ ಸೌದೆ ಮುಚ್ಚಿದರೆ? ಸೈನಿಕ ಬಾಗಿಲು ಬಿಟ್ಟು ಕದಲಲಿಲ್ಲ. ಬೆಳಗಿನಿಂದ ಬಾರದಿದ್ದ ದುಃಖ ಆಗ ಬಂತು.

"ಕೊಡಲಿ ತಗೊಂಡು ತುಂಡು ಮಾಡೋ, ಬೇಗ ಆಗತ್ತೆ," ಅಂದ ಸೈನಿಕ.

"ಬೇಡ," ಅಂದಳು ಅಂಥೂಸಾ. ಅವಳು ಹಲಗೆಯ ಬುಡಕ್ಕೆ ಬಾಗಿದಳು. "ನೀನು ತಲೆ ಕಡೆ ಹಿಡಕೋ."

ಊರಿನಲ್ಲಿ ಮನೆಯಿಂದ ಯಾರನ್ನಾದರೂ ಕೊನೆಯ ಸಲ ಹೊರಗೆ ಒಯ್ಯುವಾಗ ಕಾಲು ಮುಂದೆ ಮಾಡಿ ಒಯ್ಯುತ್ತಾರೆ. ಅವರೂ ಹಾಗೆಯೇ ಒಯ್ದರು, ಮಾತಾಡಿಕೊಳ್ಳದೆ. ಹಲಗೆ ಉದ್ದ, ಒಲೆಯ ಬಾಯಿಯಲ್ಲಿ ಅರ್ಧ ಮಾತ್ರ ಹೋಯಿತು. ಬಾತು ಮೊದಲು ಹೋಯಿತು, ಆಮೇಲೆ ಪಾದ, ಅಂಗಿಯ ಅಂಚು. ಎಷ್ಟೋ ಕಾಲದ ದೀಪದೆಣ್ಣೆ ಕುಡಿದ ಮರ ಬುಗ್ಗೆಂದು ಹೊತ್ತಿಕೊಂಡಿತು. ಮುಖ ಮಾತ್ರ ಹೊರಗೆ ಕೋನೋನನ ಕೈಯಲ್ಲಿ ಉಳಿದಿತ್ತು. ಕೋಲಿನಿಂದ ನೂಕಬಹುದಿತ್ತು, ದಿನವೂ ಹಾಗೇ ನೂಕುತ್ತಿದ್ದ. ಅವನು ಕೋಲು ತೆಗೆದುಕೊಳ್ಳಲಿಲ್ಲ. ಹಣೆಯ ಮೇಲೆ ಅಂಗೈಯಿಟ್ಟು, ಸೆಕೆಗೆ ತೋಳಿನ ರೋಮ ಸುಡುತ್ತಿದ್ದರೂ ಕೈ ತೆಗೆಯದೆ, ಮೆಲ್ಲಗೆ ಮೆಲ್ಲಗೆ ಒಳಗೆ ತಳ್ಳಿದ.

ಮೇಲೆ ಗದ್ದಲವೆದ್ದಿತು. ಯಾರೋ ನೀರಿನಿಂದ ಹಾರಿ ಎದ್ದ ಸದ್ದು. ಕೊಳವೆಯಲ್ಲಿ ಅಧಿಕಾರಿಯ ಮೂಗುಕಟ್ಟಿದ ದನಿ ಗುಡುಗಿತು: "ಯಾರಯ್ಯ ಒಲೆ ಹತ್ರ? ನಮ್ಮನ್ನೇನು ಬೇಯಿಸಿಬಿಡ್ತೀಯಾ? ತಣ್ಣೀರು ಬಿಡು!"

ಕೋನೋನ್ ನೆಲದ ಮೇಲೆ ಕೂತಿದ್ದ. ಅಂಥೂಸಾ ಅವನನ್ನು ದಾಟಿಕೊಂಡು ಹೋಗಿ ಕೊಳವೆಗೆ ಬಾಯಿಟ್ಟಳು.

"ಸ್ವಲ್ಪ ತಡೀರಿ ಸ್ವಾಮಿ," ಎಂದು ಕೂಗಿದಳು. "ನಮ್ಮನೇಲಿ ಸಾವಾಗಿದೆ."